ಔಷಧಿ ಹಚ್ಚದ ಆರು ಕರುಗಳು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮೂರು ಸಲ ಓದಿದೆ. ಕರುಗಳ ಹುಳುಕಡ್ಡಿಗೆ, ಅಂದರೆ ಬೂಸಿನಿಂದ ಬರುವ ಆ ಚರ್ಮರೋಗಕ್ಕೆ, ಔಷಧಿ ಪರೀಕ್ಷೆ ಮಾಡುತ್ತಿದ್ದೀಯ; ಹಚ್ಚಿದವನ್ನ ಹಚ್ಚದವುಗಳ ಜೊತೆ ಹೋಲಿಸಿ ನೋಡಬೇಕು. "ಆರು ಕರುಗಳಿಗೆ ಬೇಕಂತಲೇ ಔಷಧಿ ಹಚ್ಚದೆ ಬಿಟ್ಟಿದ್ದೇನೆ, ಕಣ್ಣ ಸುತ್ತ ಬೂದು ಹಕ್ಕಳೆ ಹೊತ್ತುಕೊಂಡು ನನ್ನನ್ನೇ ನೋಡುತ್ತವೆ, ಇದು ಪಾಪ ಅಲ್ವಾ ದೊಡ್ಡಪ್ಪ" ಅಂತ ಕೇಳಿದ್ದೀಯ. ಆ ಸಾಲು ಎರಡು ರಾತ್ರಿ ನಿದ್ದೆ ಕೊಡಲಿಲ್ಲ.

ಹುಳುಕಡ್ಡಿ ಬಂದ ಕರುಗಳಿಗೆ ಮೂವತ್ತು ವರ್ಷ ಹಚ್ಚಿದ ಕೈ ನನ್ನದು. ಟಿಂಚರ್ ಅಯೋಡಿನ್, ವಿಟ್‌ಫೀಲ್ಡ್ ಮುಲಾಮು, ಏನೂ ಸಿಗದಾಗ ಸೀಮೆ ಅಗಸೆ ಸೊಪ್ಪು. ಎರಡು ಮೂರು ತಿಂಗಳಲ್ಲಿ ಹೊಸ ಕೂದಲು ಬರುತ್ತಿತ್ತು. ಜನ ಕೈ ಮುಗಿಯುತ್ತಿದ್ದರು, ನಾನೂ ನಂಬಿದೆ. ಆದರೆ ಈ ರೋಗ ಹೆಚ್ಚಿನ ಕರುಗಳಲ್ಲಿ 1ರಿಂದ 4 ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ವಾಸಿ ಮಾಡಿದ್ದು ನನ್ನ ಮುಲಾಮೋ, ಕರುವಿನ ಮೈಯೋ? ಇವತ್ತಿಗೂ ನನಗೆ ಗೊತ್ತಿಲ್ಲ. ಯಾವ ಕರುವನ್ನೂ ಹಚ್ಚದೆ ಬಿಟ್ಟು ನೋಡಲಿಲ್ಲ.

ನಿನ್ನ ದೊಡ್ಡಮ್ಮನಿಗೂ ಹೇಳದ ಒಂದು ಮಾತಿದೆ. ಒಂದು ಮನೆಯ ಕೆಂದ ಕರುವಿಗೆ ಹಳೇ ಇಂಜಿನ್ ಆಯಿಲ್ ಹಚ್ಚಿ ಅಂತ ನಾನೇ ಹೇಳಿದೆ. ಊರಲ್ಲೆಲ್ಲ ಹಚ್ಚುತ್ತಿದ್ದರು, ವಾಸಿಯೂ ಆಗುತ್ತಿತ್ತು. ಆಗ ಪೆಟ್ರೋಲಿನಲ್ಲಿ ಸೀಸ ಅನ್ನೋ ವಿಷ ಇತ್ತು, ಅದು ಆ ಎಣ್ಣೆಗೂ ಇಳಿಯುತ್ತಿತ್ತು. ಕರು ಮೈ ನೆಕ್ಕಿತು. ಕಣ್ಣು ಕಾಣದೆ, ಗೋಡೆಗೆ ಹಣೆ ಒತ್ತಿಕೊಂಡು ನಿಂತಿತು. ಉಳಿಯಲಿಲ್ಲ. ಸುಮ್ನೆ ಬಿಟ್ಟಿದ್ದರೆ ಬದುಕುತ್ತಿತ್ತು ಪುಟ್ಟಿ.

ಅದಕ್ಕೇ ಹೇಳುತ್ತೇನೆ, ನಿನ್ನ ಆರು ಕರುಗಳದ್ದು ಪಾಪ ಅಲ್ಲ. ಅವು ಇಲ್ಲದಿದ್ದರೆ ನಿನ್ನ ಔಷಧಿಯೂ ನನ್ನ ಮುಲಾಮಿನ ಹಾಗೆಯೇ ಆಗುತ್ತದೆ. ಆದರೂ ನಿನ್ನ ಕರುಳು ಚುರ್ ಅನ್ನುತ್ತಿದೆಯಲ್ಲ, ಅದನ್ನ ಸುಳ್ಳು ಅನ್ನಲಾರೆ. ಯಾವುದಾದರೂ ಕರುವಿನ ಹಕ್ಕಳೆ ಒಡೆದು ಕೀವಾದರೆ, ಮೇವು ಬಿಟ್ಟರೆ, ಲೆಕ್ಕ ತಪ್ಪಿದರೂ ಸರಿ, ಅದನ್ನ ಪರೀಕ್ಷೆಯಿಂದ ತೆಗೆದು ಔಷಧಿ ಕೊಡು. ನಿನಗೆ ಸಂಶೋಧನೆ ಮಾಡಿಸುವ ಗೈಡ್ ಹತ್ತಿರ ಇದನ್ನ ಮೊದಲೇ ಮಾತಾಡಿಕೋ. ಕೊನೆಗೆ ಯಾವ ಔಷಧಿ ಗೆಲ್ಲುತ್ತದೋ ಅದು ಈ ಆರಕ್ಕೂ ಸಿಗಲಿ.

ನಾನು ಓದಿದವನಲ್ಲ, ತಪ್ಪಿದ್ದರೆ ಬಿಡು. ಹಚ್ಚಿದವು, ಹಚ್ಚದವು ಒಂದೇ ಕೊಟ್ಟಿಗೆಯಲ್ಲಿ ಮೈ ತಾಗಿಸಿಕೊಂಡಿವೆಯಾ? ಹಾಗಿದ್ದರೆ ಹಚ್ಚಿದವಕ್ಕೂ ಮತ್ತೆ ಬೂಸಿನ ಬೀಜಾಣು ಅಂಟಬಹುದು. ಮರದ ಕಂಬದಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ. ಲ್ಯಾಬಿನಲ್ಲಿ ನೋಡೋಕೆ ಕೆರೆದು ತೆಗೆಯುವಾಗ ಹಕ್ಕಳೆಯ ನಡುವಿನಿಂದ ಬೇಡ, ಅಂಚಿನಿಂದ ತೆಗೆ. ಗ್ಲೌಸ್ ಹಾಕಿಕೋ. ನನ್ನ ಮೊಣಕೈ ಮೇಲಿನ ಗುಂಡು ಕಲೆ ನೀನು ಚಿಕ್ಕವಳಿದ್ದಾಗ ಬೆರಳಿಟ್ಟು ನೋಡುತ್ತಿದ್ದೆ, ಅದೂ ಕರುವಿನಿಂದ ಬಂದದ್ದೇ.

ಆ ಆರರಲ್ಲಿ ಒಂದಕ್ಕೆ ಹಣೆಯಲ್ಲಿ ಬಿಳಿ ಚುಕ್ಕೆ ಇದೆ ಅಂತ ನೀನು ಬರೆದಿದ್ದೆ. ಅದರ ಕಣ್ಣಿನ ಸುತ್ತ ಕೂದಲು ಬಂತಾ? ಮುಂದಿನ ಕಾಗದದಲ್ಲಿ ಮೊದಲು ಅದನ್ನ ಬರೆ.

ನಿನ್ನ ದೊಡ್ಡಪ್ಪ