ಭಾನುವಾರದ ಡಿಸ್ಕ್ ಗಾಲ್ಫ್: ಜಾಗ ಗೊತ್ತಾಯಿತು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕ್ ಅನ್ನು ಎಸೆದು ಕಂಬದ ಬುಟ್ಟಿಗೆ ಹಾಕುವ ಆಟ) ಆಡೋಣ. ಅಲ್ಲಿನ ಹಳೇ ಆಟಗಾರರನ್ನು ಒಳ್ಳೇ ಜಾಗ ಯಾವುದು ಅಂತ ಕೇಳಿದಾಗ ಹೆಚ್ಚಿನವರು ಹೇಳಿದ್ದು ಇದನ್ನೇ. ಎತ್ತರದ ಮರಗಳ ನಡುವೆ 18 ಬುಟ್ಟಿ, ಶುಲ್ಕ ಇಲ್ಲ, ಆಟ ಮುಗಿದ ಮೇಲೆ ಹಾಗೇ ಓಷನ್ ಬೀಚ್‌ಗೂ ಹೋಗಬಹುದು. ಬರ್ಕ್ಲಿಯ ಅಕ್ವಾಟಿಕ್ ಪಾರ್ಕ್ ಹೆಸರೂ ಬಂತು. ನೋಡಲು ಚೆಂದ, ಆದರೆ ಹೊಸಬರ ಡಿಸ್ಕ್ ನೀರು ಪಾಲಾಗುವುದೇ ಜಾಸ್ತಿ, ಅಲ್ವಾ? ಅದು ಮುಂದಿನ ಸಲಕ್ಕೆ ಇರಲಿ.

ಫುಲ್ಟನ್ ಸ್ಟ್ರೀಟ್ ಕಡೆಯಿಂದ ಬನ್ನಿ, ಪಾರ್ಕ್‌ನೊಳಗಿನ ಮಾರ್ಕ್ಸ್ ಮೆಡೋ ಹುಲ್ಲುಗಾವಲಿನ ಹತ್ತಿರ ಸೇರೋಣ. ನೀರು, ಶೂ, ಜಾಕೆಟ್ ಮರೆಯಬೇಡಿ. ಸ್ಯಾನ್ ಹೊಸೆಯಲ್ಲಿ ಬಿಸಿಲು ಅಂತ ಸುಮ್ನೆ ಟೀ ಶರ್ಟ್‌ನಲ್ಲಿ ಬಂದರೆ ಸ್ಯಾನ್ ಫ್ರಾನ್ಸಿಸ್ಕೊದ ಮಂಜಿನಲ್ಲಿ ನಡುಗಬೇಕಾಗುತ್ತದೆ. ಡಿಸ್ಕ್ ಇಲ್ಲದವರು ಮೊದಲೇ ಹೇಳಿ, ಕೊಡುತ್ತೇನೆ. ಬೀಚ್‌ನಲ್ಲಿ ಆಡುವ ದೊಡ್ಡ ಫ್ರಿಸ್ಬಿ ಇದಕ್ಕೆ ಸರಿಹೋಗುವುದಿಲ್ಲ. ಇನ್ನೊಂದು ಮಾತು, ಮುಂದೆ ಜನ ಇದ್ದರೆ ದಯವಿಟ್ಟು ಕಾಯಿರಿ. ಈ ಡಿಸ್ಕ್‌ಗಳ ಅಂಚು ಗಟ್ಟಿ, ತಗುಲಿದರೆ ಚೆನ್ನಾಗಿ ಪೆಟ್ಟಾಗುತ್ತದೆ. ಮಕ್ಕಳನ್ನು ಕರೆತರುವವರು ಅವರನ್ನು ಎಸೆಯುವವರ ಹಿಂದೆಯೇ ನಿಲ್ಲಿಸಿಕೊಳ್ಳಿ.

ಎಷ್ಟು ಜನ ಬರುತ್ತೀರಿ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ.