ಕೋವಿಡ್ ಕಾಲದ ಕೆಲಸ: ಸದಸ್ಯರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ.

"ಕೋವಿಡ್ ಬಂದಾಗ ಎಲ್ಲರಿಗೂ ಕಷ್ಟ ಆಯಿತು, ಅಂಗವಿಕಲರದ್ದೇನು ವಿಶೇಷ?" ಅಂತ ಕೇಳುವವರಿದ್ದಾರೆ. ವಿಶೇಷ ಇದೆ.

ತುಟಿ ಓದಿ ಮಾತು ಅರ್ಥ ಮಾಡಿಕೊಳ್ಳುವವರಿಗೆ ಮಾಸ್ಕ್ ಹಾಕಿದ ಮುಖ ಎಂದರೆ ಮುಚ್ಚಿದ ಬಾಗಿಲು. ಕೌಂಟರಿನಲ್ಲಿ ಕೂತ ಅಂಥ ನೌಕರರು ಗ್ರಾಹಕರಿಗೆ ಎಷ್ಟು ಸಲ ತಾನೇ "ಬರೆದು ತೋರಿಸಿ" ಎನ್ನಬೇಕು? ಕಣ್ಣು ಕಾಣದ ಎಷ್ಟೋ ಜನರಿಗೆ ದಾರಿ ತೋರುವುದು ಇನ್ನೊಬ್ಬರ ಮೊಣಕೈ. ಆದರೆ ಆಗ ಎಲ್ಲರೂ ಆರಡಿ ದೂರ! ಮುಟ್ಟಿ ನೋಡಿಯೇ ಕೆಲಸ ಮಾಡುವವರಿಗೆ "ಏನನ್ನೂ ಮುಟ್ಟಬೇಡಿ" ಎಂಬ ಬೋರ್ಡು. ಉಸಿರಾಟದ ತೊಂದರೆ ಇದ್ದವರಂತೂ ಜೀವವೋ ಸಂಬಳವೋ ಎಂದು ಆರಿಸಬೇಕಾಯಿತು.

ಇನ್ನೊಂದು ಮುಖವೂ ಇದೆ. ಮನೆಯಿಂದ ಕೆಲಸ ಕೊಡಿ ಎಂದು ಅಂಗವಿಕಲರು ವರ್ಷಗಟ್ಟಲೆ ಕೇಳಿದ್ದರು. "ಆಗಲ್ಲ" ಎಂದಿದ್ದ ಆಫೀಸುಗಳೇ 2020ರಲ್ಲಿ ಕೆಲವೇ ವಾರಗಳಲ್ಲಿ ತಮ್ಮ ನೌಕರರಿಗೆ ಮನೆಯಿಂದಲೇ ಕೆಲಸ ಕೊಟ್ಟವು. ಆಗುತ್ತಿತ್ತು ಅಲ್ವಾ! ಗಾಲಿಕುರ್ಚಿ ಬಳಸುವವರಿಗೆ ಬಸ್ಸು, ಮೆಟ್ಟಿಲುಗಳ ಗೋಳು ತಪ್ಪಿತು. ಆದರೆ ಇದು ಕಂಪ್ಯೂಟರ್ ಕೆಲಸದವರಿಗೆ ಮಾತ್ರ. ಅಂಗಡಿ, ಕಾರ್ಖಾನೆ, ಸ್ವಚ್ಛತೆಯ ಕೆಲಸದವರಿಗೆ ಆ ದಾರಿಯೇ ಇರಲಿಲ್ಲ.

ಈಗ ನಿಮ್ಮಿಂದ ಬೇಕಾದದ್ದು: ಆಗ ಸಿಕ್ಕ ಯಾವ ಅನುಕೂಲ ಈಗ ವಾಪಸ್ ಹೋಗಿದೆ? ಇಲ್ಲೇ ಬರೆಯಿರಿ, ಧ್ವನಿ ಸಂದೇಶವೂ ಆದೀತು. ಫೋಟೋ ಹಾಕಿದರೆ ಅದರಲ್ಲೇನಿದೆ ಎಂದು ಒಂದು ಸಾಲು ಬರೆಯಿರಿ. ಆ ಅನುಕೂಲ ಮತ್ತೆ ಬೇಕೆಂದು ಆಫೀಸಿಗೆ ಕೇಳುವಾಗ ಬಾಯಿಮಾತು ಬೇಡ, ಬರಹದಲ್ಲೇ ಕೇಳಿ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 27ನೇ ವಿಧಿ ಕೆಲಸದ ಹಕ್ಕಿನ ಬಗ್ಗೆಯೇ ಇದೆ. ಪತ್ರದಲ್ಲಿ ಅದನ್ನೂ ಸೇರಿಸಿ.