ಮಳೆಗಾಲದಲ್ಲಿ ವೆಲ್ಡಿಂಗ್ ರಾಡ್ ಒಣಗಿರಲಿ

ಮಾನ್ಯ ಸಂಪಾದಕರೇ,

ಕರಾವಳಿಯ ಮಳೆಗಾಲದಲ್ಲೂ ವೆಲ್ಡಿಂಗ್ ರಾಡ್‌ಗಳ ಪೊಟ್ಟಣ ಒಡೆದು ಮೂಲೆಯಲ್ಲಿ ತೆರೆದಿಡುವುದನ್ನು ಹಲವೆಡೆ ಕಂಡು ಕಳವಳದಿಂದ ಬರೆಯುತ್ತಿದ್ದೇನೆ. 7018 ದರ್ಜೆಯಂತಹ ಕಡಿಮೆ ಹೈಡ್ರೋಜನ್ ರಾಡ್‌ಗಳ ಹೊರಲೇಪವು ಗಾಳಿಯ ತೇವವನ್ನು ಹೀರಿಕೊಂಡರೆ, ಆ ನೀರು ಆರ್ಕ್‌ನ (ಬೆಸೆಯುವ ವಿದ್ಯುತ್ ಕಿಡಿಯ) ಶಾಖಕ್ಕೆ ಒಡೆದು ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ; ಹೊರನೋಟಕ್ಕೆ ಗಟ್ಟಿಯಾಗಿಯೇ ಕಾಣುವ ಜೋಡಣೆಯಲ್ಲಿ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಬಿರುಕು ಮೂಡಬಹುದು. ಇಂತಹ ರಾಡ್‌ಗಳನ್ನು ತಯಾರಕರ ಸೂಚನೆಯಂತೆ, ಸಾಮಾನ್ಯವಾಗಿ 300ರಿಂದ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಓವನ್‌ನಲ್ಲಿ ಒಣಗಿಸಿ, ಬಳಸುವವರೆಗೆ 120 ಡಿಗ್ರಿಗಿಂತ ಕೆಳಗಿಳಿಯದಂತೆ ಇಡಬೇಕು. ಬಿಸಿಲಿಗೆ ಹರಡಿದರೆ ಸಾಲದು. ಆದರೆ 6010 ದರ್ಜೆಯಂತಹ ಸೆಲ್ಯುಲೋಸ್ (ಸಸ್ಯನಾರಿನ) ಲೇಪದ ರಾಡ್‌ಗಳಿಗೆ ತುಸು ತೇವ ಬೇಕೇ ಬೇಕು. ಅವನ್ನು ಹೀಗೆ ಕಾಯಿಸಿದರೆ ಕೆಡುತ್ತವೆ. ಸೇತುವೆ, ಟ್ಯಾಂಕ್‌ಗಳ ಕಾಮಗಾರಿ ಸ್ಥಳದಲ್ಲಿ ಓವನ್ ಇದೆಯೇ, ಅದು ನಿಜಕ್ಕೂ ಬಿಸಿಯಾಗುತ್ತಿದೆಯೇ ಎಂಬುದನ್ನು ಸಂಬಂಧಪಟ್ಟ ಎಂಜಿನಿಯರರು ಪರಿಶೀಲಿಸಬೇಕೆಂದು ಕೋರುತ್ತೇನೆ.

ಒಬ್ಬ ವೆಲ್ಡರ್, ಉಡುಪಿ